ಎಪ್ಪತ್ತೈದು ಮಿಲಿಗ್ರಾಂ

ವಿತೋಲ್ದನ ಮಾತ್ರೆ ಹೃದಯದ ಆಕಾರದ್ದು.
ಯಾರಿಗೆ ಹೊಳೆಯಿತೋ ಈ ತಮಾಷೆ!
ಬೇಳೆಯಷ್ಟು ಬಿಳಿ, ನಾಲಿಗೆಗೆ ತುಸು ಹುಳಿ.

ಒಂಬತ್ತು ವರ್ಷ ಅದೇ ಡಬ್ಬಿಯಿಂದ
ನಾನೂ ದಿನಕ್ಕೊಂದು ನುಂಗಿದೆ.
ಅವನಿಗೆ ಎದೆ ಹಿಡಿದಿತ್ತು, ಸ್ಟೆಂಟ್ ಹಾಕಿದ್ದರು.
ನನಗೆ ಏನೂ ಆಗಿರಲಿಲ್ಲ,
ಆಗದಿರಲೆಂದೇ ನುಂಗಿದ್ದು.
ಗಂಡನ ತಟ್ಟೆಯಿಂದ ಒಂದು ತುತ್ತು
ಕೇಳದೆ ಎತ್ತಿಕೊಂಡ ಹಾಗೆ.

ರೂದ್ನಿಕ್ಕಿನಲ್ಲಿ ನಾವೆಲ್ಲ ಬುಟ್ಟಿ ಹೆಣೆಯುವವರು.
ಸಾನ್ ನದಿಯ ತಗ್ಗಿನಲ್ಲಿ ವಿಲ್ಲೋ ಕಡ್ಡಿ ಕೊಯ್ದು,
ಬೇಯಿಸಿ, ತೊಗಟೆ ಸುಲಿದು, ನೆನೆಹಾಕಿ
ಕೈಯೆಲ್ಲ ಕಂದು.
ತಲೆನೋವು ಬಂದರೆ ಅಜ್ಜಿ ಆ ತೊಗಟೆಯನ್ನೇ
ಮುಖ ಕಿವುಚಿ ಜಗಿಯುತ್ತಿದ್ದಳು.
ಆಸ್ಪಿರಿನ್ನಿನ ಮುತ್ತಜ್ಜಿ ಅದೇ ತಾನೆ
ಎಂದಳು ಔಷಧಿ ಅಂಗಡಿಯ ಹುಡುಗಿ.
ಅಷ್ಟು ಸಾಕಾಯಿತು ನನಗೆ.
ನಮ್ಮ ಗಿಡ, ನಮಗೇಕೆ ಕೇಡು ಬಗೆದೀತು?

ಬೆರಳಿಗೆ ಚಾಕು ತಾಗುವುದು
ನಮ್ಮ ಕೂಲಿಯಲ್ಲೇ ಸೇರಿದ್ದು.
ಆದರೆ ಆ ವರ್ಷಗಳಲ್ಲಿ ರಕ್ತ ನಿಲ್ಲುತ್ತಲೇ ಇರಲಿಲ್ಲ.
ಬಟ್ಟೆ ಸುತ್ತಿದರೆ ಬಟ್ಟೆ ನೆನೆದು,
ಬಿಳಿ ತೊಟ್ಟಿಲೊಂದರ ಅಂಚಿಗೆ ಮೂರು ಚುಕ್ಕೆ.
ಮಗುವಿಗೆ ಶುಭವಲ್ಲ ಎಂದು
ಕೊಳ್ಳಲು ಬಂದವಳು ವಾಪಸು ಕೊಟ್ಟಳು.
ಈಗ ಅದರಲ್ಲಿ ಈರುಳ್ಳಿ ಇಡುತ್ತೇನೆ.

ನಾದಿನಿ ಗೆನೋವೆಫಾ
ಈಸ್ಟರಿನ ವಾರ ಹಿಟ್ಟು ನಾದುತ್ತ ಕುಸಿದಳು.
ಮೂರು ದಿನದಿಂದ ಮಲ ಡಾಂಬರಿನಂತೆ ಕಪ್ಪಂತೆ,
ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ.
ಏನು ಔಷಧಿ ತಗೋತೀರಿ ಎಂದರೆ
ಏನೂ ಇಲ್ಲ ಎಂದಳು.
ದಿನಕ್ಕೊಂದು ಸಣ್ಣದು, ಅದನ್ನು
ಅವಳು ಔಷಧಿ ಎಂದು ಎಣಿಸಿರಲೇ ಇಲ್ಲ.
ಯಾರ್ಯಾರದೋ ನಾಲ್ಕು ಚೀಲ ರಕ್ತ ಒಳಗೆ ಹೋಗಿ ಎದ್ದು ಕೂತಳು.

ಹಾಗೆಂದು ಬಿಟ್ಟುಬಿಡೋಣವೆಂದರೆ
ಪಕ್ಕದ ಮನೆಯ ಲುಡೊಮಿರ್ ಇದ್ದನಲ್ಲ,
ಒಮ್ಮೆ ಎದೆನೋವಿನಿಂದ ಉಳಿದು ಬಂದವನು.
ಮಾತ್ರೆ ಸಾಕೆಂದು ತಾನೇ ನಿಲ್ಲಿಸಿದ.
ಚೆರ್ರಿ ಕೀಳಲು ಏಣಿ ಹತ್ತಿದವನು
ಇಳಿಯಲಿಲ್ಲ, ಬಿದ್ದ.
ಮಾತ್ರೆ ಬಿಟ್ಟದ್ದಕ್ಕೋ, ಅವನ ಹೊತ್ತು ಬಂದಿತ್ತೋ,
ಅವನ ಹೆಂಡತಿ ಇನ್ನೂ ಎರಡನ್ನೂ ತೂಗುತ್ತಿದ್ದಾಳೆ.

ಹೊಸ ಡಾಕ್ಟರು ಚಿಕ್ಕ ಪ್ರಾಯದವಳು.
ಹೌದೋ ಅಲ್ಲವೋ ಒಂದು ಮಾತು ಹೇಳಿ ಎಂದೆ.
ವಿತೋಲ್ದರಿಗೆ ಹೌದು, ಅವರು ಬಿಡಲೇಬಾರದು.
ನಿಮಗೆ ಎಪ್ಪತ್ತೊಂದು. ಹೃದಯ ಸರಿ ಇದೆ,
ಹೊಟ್ಟೆಯಲ್ಲಿ ಹಳೆಯ ಹುಣ್ಣಿನ ಗುರುತಿದೆ.
ಒಂದೇ ಮನೆಯಾದರೂ ತಕ್ಕಡಿ ಎರಡು, ಎಂದಳು.
ಹಾಗಾದರೆ ಒಂಬತ್ತು ವರ್ಷ ನಾನು ಉಳಿದದ್ದು
ಅದರಿಂದಲೋ, ಅದು ಇದ್ದರೂವೋ?
ಪೆನ್ನು ಕೆಳಗಿಟ್ಟಳು. ಯೋಚಿಸಿದಳು.
ಅದು ನನಗೆ ಗೊತ್ತಾಗುವುದಿಲ್ಲ, ಅಜ್ಜಿ.
ಆ ಮಾತಿಗೇ ಅವಳನ್ನು ನಂಬಿದೆ.

ಮೊನ್ನೆ ಮತ್ತೆ ಚಾಕು ಜಾರಿತು.
ಬಟ್ಟೆ ಹುಡುಕುವಷ್ಟರಲ್ಲಿ
ರಕ್ತ ತಾನೇ ಗಂಟು ಹಾಕಿಕೊಂಡು ಕೂತಿತ್ತು.
ಇಷ್ಟು ವರ್ಷ ಹೆಣೆದವಳು ನಾನು,
ಅಂಥ ಬಿಗಿ ನನ್ನ ಕೈಗೂ ಬಂದಿಲ್ಲ.
ಖುಷಿಯಾಯಿತು.
ಆಮೇಲೆ ರಾತ್ರಿ ದಿಂಬಿನಲ್ಲಿ ಕಿವಿಯಿಟ್ಟು
ಎದೆಯ ಸದ್ದು ಕೇಳುತ್ತ ಮಲಗಿದೆ:
ಗಂಟು ಅದೇ,
ಬೀಳುವ ಜಾಗ ನನ್ನ ಕೈಯಲ್ಲಿಲ್ಲ.

ಬೆಳಿಗ್ಗೆ ಡಬ್ಬಿ ಬಗ್ಗಿಸಿದರೆ
ಅಭ್ಯಾಸಬಲ, ಅಂಗೈಗೆ ಎರಡು ಉರುಳಿದವು.
ಒಂದನ್ನು ವಿತೋಲ್ದನ ಚಹಾದ ಬಳಿ ಇಟ್ಟೆ,
ಒಂದನ್ನು ಒಳಗೆ ಹಾಕಿ ಮುಚ್ಚಳ ತಿರುವಿದೆ.
ನಿನ್ನದು? ಎಂದ, ಪೇಪರಿನಿಂದ ಕಣ್ಣೆತ್ತದೆ.
ಕಡ್ಡಿ ನೆನೆದು ಹೊತ್ತಾಯಿತು, ಎಂದೆ,
ಸುಲಿಯಬೇಕು.